ಕ್ಲಿನ್ಸೆ-ಜಾ ಕ್ಯಾರಿಬೂ ಹಿಂಡು: ಮೂಲನಿವಾಸಿಗಳ ಕೈಗೆ ಬಂದ ಸಂರಕ್ಷಣೆ ಮತ್ತು ಅದರ ಹಿಂದಿನ ಸರ್ಕಾರಿ ಹಣ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಈಶಾನ್ಯದಲ್ಲಿ, ರಾಕಿ ಪರ್ವತಸಾಲಿನ ಪೂರ್ವದ ಮಗ್ಗುಲಲ್ಲಿ, ಕ್ಲಿನ್ಸೆ-ಜಾ ಎಂಬ ಜೋಡಿ ಶಿಖರಗಳಿವೆ. ಅವುಗಳ ಸುತ್ತಲಿನ ಎತ್ತರದ ನೆಲದಲ್ಲಿ ಬದುಕುವ ಕ್ಯಾರಿಬೂ ಹಿಂಡಿಗೂ ಅದೇ ಹೆಸರು. ಜಿಂಕೆಯ ಕುಲಕ್ಕೆ ಸೇರಿದ, ಗಂಡು ಹೆಣ್ಣು ಎರಡಕ್ಕೂ ಕೊಂಬು ಮೂಡುವ ಈ ಪ್ರಾಣಿಗಳು 1990ರ ದಶಕದಲ್ಲಿ ಆ ಬೆಟ್ಟಗಳಲ್ಲಿ ಸುಮಾರು 250ರಷ್ಟಿದ್ದವು. 2013ರ ಹೊತ್ತಿಗೆ ಉಳಿದದ್ದು 38. ಅಲ್ಲಿಂದ ಎಂಟು ವರ್ಷಗಳಲ್ಲಿ ಸಂಖ್ಯೆ 101ಕ್ಕೆ ಏರಿತು, 2022ರಲ್ಲಿ 114 ಆಯಿತು. ಸುತ್ತಲಿನ ಹಲವು ಹಿಂಡುಗಳು ಕುಗ್ಗುತ್ತಲೇ ಇದ್ದ, ಕೆಲವು ಹೇಳಹೆಸರಿಲ್ಲದಂತೆ ಅಳಿದುಹೋದ ಕಾಲದಲ್ಲಿ ಈ ಒಂದು ಹಿಂಡು ಮೂರು ಪಟ್ಟು ಬೆಳೆದದ್ದು ತಾನಾಗಿ ಆದದ್ದಲ್ಲ. ಮೋಬರ್ಲಿ ಸರೋವರದ ಎರಡು ತುದಿಗಳಲ್ಲಿ ನೆಲೆಸಿರುವ ವೆಸ್ಟ್ ಮೋಬರ್ಲಿ ಮತ್ತು ಸಾಲ್ಟೋ ಎಂಬ ಎರಡು ಮೂಲನಿವಾಸಿ ಸಮುದಾಯಗಳು, ಕೆನಡಾದ ರೂಢಿಯ ಮಾತಿನಲ್ಲಿ ಹೇಳುವುದಾದರೆ ಎರಡು ಫಸ್ಟ್ ನೇಷನ್‌ಗಳು, ಕೆಲಸವನ್ನು ತಾವೇ ಮುಂದಾಗಿ ಕೈಗೆತ್ತಿಕೊಂಡದ್ದರ ಫಲ ಅದು.

ಈ ಪ್ರಕರಣವನ್ನು ವನ್ಯಜೀವಿ ನಿರ್ವಹಣೆಯ ಯಶಸ್ಸಾಗಿ ಅನೇಕರು ವಿವರಿಸಿದ್ದಾರೆ. ಇಲ್ಲಿ ಅದನ್ನು ಹಣದ ಕಡೆಯಿಂದ ನೋಡುವ ಪ್ರಯತ್ನವಿದೆ. ಅಳಿವಿನಂಚಿನ ಪ್ರಾಣಿಗಳ ರಕ್ಷಣೆಯಲ್ಲಿ ಮೂಲನಿವಾಸಿಗಳು ಭಾಗವಹಿಸಲೆಂದು ಕೆನಡಾದ ಕೇಂದ್ರ ಸರ್ಕಾರ ಎರಡು ದಶಕಗಳಿಂದ ಪ್ರತ್ಯೇಕ ನಿಧಿಗಳನ್ನು ನಡೆಸುತ್ತಿದೆ. ಅಂಥ ನಿಧಿಗಳ ನಿಯಮಗಳನ್ನು ಕ್ಲಿನ್ಸೆ-ಜಾದ ಅನುಭವದ ಎದುರಿಗಿಟ್ಟು ನೋಡಿದರೆ, ಸರ್ಕಾರದ ಹಣ ಯಾವ ಕೆಲಸವನ್ನು ಚೆನ್ನಾಗಿ ಮಾಡಿಸುತ್ತದೆ, ಯಾವ ಕೆಲಸ ಹಣವೊಂದರಿಂದಲೇ ಆಗದು ಎಂಬುದು ತಕ್ಕಮಟ್ಟಿಗೆ ನಿಚ್ಚಳವಾಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸಮುದಾಯದ ಕೈಗೆ ಹಣದ ಜೊತೆಗೆ ನಿರ್ಧಾರದ ಅಧಿಕಾರವೂ, ಆ ಪ್ರಾಣಿ ಬದುಕುವ ನೆಲದ ಮೇಲಿನ ಮಾತೂ ಸಿಕ್ಕಾಗ ಮಾತ್ರ ‘ಸಹಭಾಗಿತ್ವದ ನಿಧಿ’ಯಿಂದ ಬಾಳುವಂಥ ಫಲ ಬರುತ್ತದೆ.

ಹಿಂಡು ಕರಗಿದ ಬಗೆ

ವೆಸ್ಟ್ ಮೋಬರ್ಲಿಯ ಹಿರಿಯರ ನೆನಪಿನಲ್ಲಿ ಕ್ಯಾರಿಬೂಗಳು ಬೆಟ್ಟದ ಮೈಯನ್ನೇ ಮುಚ್ಚುವಷ್ಟಿದ್ದವು. ಡನೆ-ಝಾ ಮತ್ತು ಕ್ರೀ ಮೂಲದ ಈ ಜನರಿಗೆ ಅದು ಮಾಂಸ, ಚರ್ಮ, ಉಪಕರಣ ಎಲ್ಲವನ್ನೂ ಕೊಟ್ಟ ಪ್ರಾಣಿ. ಬೇರೆ ಬೇಟೆ ಸಿಗದ ಕಾಲದಲ್ಲಿ ಹೊಟ್ಟೆ ತುಂಬಿಸಿದ ಪ್ರಾಣಿ. ಸಾಲ್ಟೋ ಜನರ ಕಥೆ ಇನ್ನೂ ದೂರದಿಂದ ಬರುತ್ತದೆ. ಅವರ ಪೂರ್ವಜರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಜೋಡಿ ಶಿಖರಗಳ ತಪ್ಪಲಲ್ಲಿ ನೆಲೆ ಸಿಗುತ್ತದೆಂಬ ತಮ್ಮ ಮುಖಂಡನೊಬ್ಬನ ದರ್ಶನವನ್ನು ನಂಬಿ, ಮ್ಯಾನಿಟೋಬಾದ ಕಡೆಯಿಂದ ಪಶ್ಚಿಮಕ್ಕೆ ನಡೆದು ಬಂದವರು. ಹೀಗಾಗಿ ಎರಡೂ ಸಮುದಾಯಗಳಿಗೆ ಆ ಶಿಖರಗಳು ಪವಿತ್ರ ಸ್ಥಳ, ಮತ್ತು ಅಲ್ಲಿನ ಕ್ಯಾರಿಬೂ ಆ ಸ್ಥಳದಿಂದ ಬೇರ್ಪಡಿಸಲಾಗದ ಜೀವ.

ಇಳಿಕೆಯ ಮೊದಲ ದೊಡ್ಡ ಹೊಡೆತ ನೀರಿನಿಂದ ಬಂತು. ಪೀಸ್ ನದಿಗೆ ಕಟ್ಟಿದ ಡಬ್ಲ್ಯು.ಎ.ಸಿ. ಬೆನೆಟ್ ಅಣೆಕಟ್ಟು 1967ರಲ್ಲಿ ಪೂರ್ಣಗೊಂಡಿತು, ಅದರ ಹಿಂದೆ ಸುಮಾರು 1,770 ಚದರ ಕಿಲೋಮೀಟರ್ ವಿಸ್ತಾರದ ವಿಲಿಸ್ಟನ್ ಜಲಾಶಯ ಹರಡಿಕೊಂಡಿತು. ಕ್ಯಾರಿಬೂಗಳು ಋತುವಿನಿಂದ ಋತುವಿಗೆ ಕಣಿವೆ ದಾಟುತ್ತಿದ್ದ ದಾರಿಗಳು ಮುಳುಗಿದವು, ಒಂದಾಗಿದ್ದ ಹಿಂಡುಗಳು ತುಂಡು ತುಂಡಾದವು. ಆಮೇಲೆ ಬಂದದ್ದು ಮರ ಕಡಿಯುವಿಕೆ, ಕಲ್ಲಿದ್ದಲು ಗಣಿ, ಅನಿಲದ ಬಾವಿಗಳು, ಅನಿಲವನ್ನು ಹುಡುಕಲು ಕಾಡಿನ ನಡುವೆ ಗೆರೆ ಎಳೆದಂತೆ ಕಡಿದ ಓಣಿಗಳು. ಇಲ್ಲಿ ನಡೆದ ಹಾನಿ ನೇರವಾದದ್ದಲ್ಲ, ಬಳಸುದಾರಿಯಿಂದ ಬಂದದ್ದು. ಹಳೆಯ ಕಾಡಿನಲ್ಲಿ ಕ್ಯಾರಿಬೂಗೆ ಚಳಿಗಾಲದ ಮೇವಾಗುವ ಕಲ್ಲುಹೂವು, ಅಂದರೆ ಲೈಕೆನ್, ನೆಲದ ಮೇಲೂ ಮರದ ಕೊಂಬೆಗಳಲ್ಲೂ ದಶಕಗಳ ಕಾಲ ನಿಧಾನವಾಗಿ ಬೆಳೆಯುತ್ತದೆ. ಕಾಡು ಕಡಿದ ಕಡೆ ಮೇಲೇಳುವುದು ಎಳೆಯ ಪೊದೆ. ಆ ಪೊದೆಗೆ ಮೂಸ್ ಎಂಬ ದೊಡ್ಡ ಜಿಂಕೆಗಳು ಬರುತ್ತವೆ, ಮೂಸ್‌ಗಳ ಬೆನ್ನಿಗೆ ತೋಳಗಳು ಬರುತ್ತವೆ, ಮತ್ತು ಕಡಿದ ಓಣಿಗಳು ಆ ತೋಳಗಳಿಗೆ ಎತ್ತರದ ಕ್ಯಾರಿಬೂ ನೆಲದವರೆಗೆ ಸಲೀಸಾದ ದಾರಿಯಾಗುತ್ತವೆ. ಹೆಣ್ಣು ಕ್ಯಾರಿಬೂ ವರ್ಷಕ್ಕೆ ಒಂದೇ ಮರಿ ಈಯುತ್ತದೆ, ಆ ಮರಿಯ ಮೊದಲ ಕೆಲವು ವಾರಗಳೇ ಅತ್ಯಂತ ಅಪಾಯದ ವಾರಗಳು. ಇಷ್ಟು ನಿಧಾನವಾಗಿ ಹೆಚ್ಚುವ ಪ್ರಾಣಿ ತೋಳಗಳ ಹೊಸ ಒತ್ತಡವನ್ನು ತಾಳಿಕೊಳ್ಳುವುದು ಸಾಧ್ಯವಿರಲಿಲ್ಲ.

ಈ ಇಳಿಕೆಯನ್ನು ಮೊದಲು ಗಮನಿಸಿ, ಮೊದಲು ತ್ಯಾಗ ಮಾಡಿದವರು ಮೂಲನಿವಾಸಿಗಳೇ ಎಂಬುದನ್ನು ಒತ್ತಿ ಹೇಳಬೇಕು. ಕೆನಡಾ ಸರ್ಕಾರ ಇಲ್ಲಿನ ಮೂಲನಿವಾಸಿಗಳೊಡನೆ ಮಾಡಿಕೊಂಡ 1899ರ ಎಂಟನೆಯ ಒಡಂಬಡಿಕೆ (ಟ್ರೀಟಿ 8) ಅವರಿಗೆ ಬೇಟೆಯ ಹಕ್ಕನ್ನು ಮಾತುಕೊಟ್ಟಿತ್ತು. ಹಾಗಿದ್ದರೂ ವೆಸ್ಟ್ ಮೋಬರ್ಲಿಯ ಜನ 1970ರ ದಶಕದಲ್ಲಿ ಕ್ಯಾರಿಬೂ ಬೇಟೆಯನ್ನು ತಾವಾಗಿಯೇ ನಿಲ್ಲಿಸಿದರು. ಅವರಿಗೆ ಯಾವ ನಿಧಿಯಿಂದಲೂ ಇದಕ್ಕಾಗಿ ಹಣ ಬಂದಿರಲಿಲ್ಲ, ಅಂಥ ನಿಧಿಯೇ ಆಗ ಇರಲಿಲ್ಲ. ಸಮುದಾಯ ಬೇಟೆ ನಿಲ್ಲಿಸಿದ ಮೇಲೂ ಕೈಗಾರಿಕೆ ನಿಲ್ಲಲಿಲ್ಲ.

2009ರಲ್ಲಿ ಪ್ರಾಂತೀಯ ಸರ್ಕಾರ ಪಕ್ಕದ ಬರ್ನ್ಟ್ ಪೈನ್ ಹಿಂಡಿನ ನೆಲದಲ್ಲಿ ಕಲ್ಲಿದ್ದಲು ಶೋಧಕ್ಕೆ ಅನುಮತಿ ಕೊಟ್ಟಾಗ ವೆಸ್ಟ್ ಮೋಬರ್ಲಿ ನ್ಯಾಯಾಲಯಕ್ಕೆ ಹೋಯಿತು. ಆ ಹಿಂಡಿನಲ್ಲಿ ಆಗ ಉಳಿದಿದ್ದದ್ದು 11 ಪ್ರಾಣಿಗಳೆಂದು ದಾವೆಯಲ್ಲಿ ದಾಖಲಾಯಿತು. 2010ರಲ್ಲಿ ಬ್ರಿಟಿಷ್ ಕೊಲಂಬಿಯಾದ ಸುಪ್ರೀಂ ಕೋರ್ಟ್ ಸಮುದಾಯದ ಪರವಾಗಿ ತೀರ್ಪಿತ್ತು, ಹಿಂಡನ್ನು ಉಳಿಸಿ ಬೆಳೆಸುವ ಯೋಜನೆಯೊಂದನ್ನು 90 ದಿನಗಳೊಳಗೆ ರೂಪಿಸಬೇಕೆಂದು ಆದೇಶಿಸಿತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶದ ರೂಪವನ್ನು ಬದಲಿಸಿತಾದರೂ, ಸರ್ಕಾರ ಸಮುದಾಯದೊಡನೆ ಅರ್ಥಪೂರ್ಣವಾಗಿ ಸಮಾಲೋಚಿಸಿರಲಿಲ್ಲ ಎಂಬ ಮುಖ್ಯ ನಿರ್ಣಯವನ್ನು ಎತ್ತಿಹಿಡಿಯಿತು. ಸಮುದಾಯ ದಾವೆ ಗೆದ್ದಿತು, ಬರ್ನ್ಟ್ ಪೈನ್ ಹಿಂಡು ಉಳಿಯಲಿಲ್ಲ. ಕ್ಲಿನ್ಸೆ-ಜಾದಲ್ಲಿ ಮುಂದೆ ಸಮುದಾಯಗಳು ಇಟ್ಟ ಪ್ರತಿ ಹೆಜ್ಜೆಯ ಹಿಂದೆಯೂ ಈ ನಷ್ಟದ ಅರಿವಿದೆ.

ಬೆಟ್ಟದ ಮೇಲಿನ ದೊಡ್ಡಿ

2014ರಲ್ಲಿ ಎರಡೂ ಸಮುದಾಯಗಳು ಜೀವವಿಜ್ಞಾನಿಗಳ ಜೊತೆ ಸೇರಿ ಗಬ್ಬದ ಕ್ಯಾರಿಬೂಗಳಿಗಾಗಿ ಬೆಟ್ಟದ ಮೇಲೆ ದೊಡ್ಡಿಯೊಂದನ್ನು ಕಟ್ಟಿದವು. ಈ ಕೆಲಸವನ್ನು ನಡೆಸಲು ನಿಕನೇಸೆ ವಾ ಟ್ಜೀ ಎಂಬ ಜಂಟಿ ಸಂಸ್ಥೆಯೂ ರೂಪುಗೊಂಡಿತು. ವಿಧಾನ ಕೇಳಲು ಸರಳ, ನಡೆಸಲು ಅಷ್ಟೇ ಕಠಿಣ. ಚಳಿಗಾಲದ ಕೊನೆಯಲ್ಲಿ, ಮಾರ್ಚ್ ತಿಂಗಳಲ್ಲಿ, ಹೆಲಿಕಾಪ್ಟರ್‌ನಿಂದ ಬಲೆ ಹಾರಿಸಿ ಹೆಣ್ಣುಗಳನ್ನು ಹಿಡಿಯುತ್ತಾರೆ, ಕಣ್ಣಿಗೆ ಬಟ್ಟೆ ಕಟ್ಟಿ, ಶಾಂತವಾಗಿಸುವ ಔಷಧಿ ಕೊಟ್ಟು ದೊಡ್ಡಿಗೆ ತರುತ್ತಾರೆ. ಮೇ ಕೊನೆಯಿಂದ ಜೂನ್‌ವರೆಗೆ ಅವು ಅಲ್ಲೇ ಈಯುತ್ತವೆ. ಮರಿಗಳು ತಾಯಿಯ ಜೊತೆ ಓಡಬಲ್ಲಷ್ಟು ಬಲಿತ ಮೇಲೆ, ಜುಲೈ ಕೊನೆಯ ಹೊತ್ತಿಗೆ, ಬೇಲಿ ತೆಗೆದು ಎಲ್ಲವನ್ನೂ ಬಿಟ್ಟುಬಿಡುತ್ತಾರೆ.

ದೊಡ್ಡಿಯ ಬೇಲಿ ಕಪ್ಪನೆಯ ದಪ್ಪ ಬಟ್ಟೆಯದು, ಆಳಿಗಿಂತ ಎಷ್ಟೋ ಎತ್ತರದ್ದು. ರಸ್ತೆ ಕೆಲಸದಲ್ಲಿ ಮಣ್ಣಿನ ಕೆಳಗೆ ಹಾಸುವ ಬಟ್ಟೆಯೇ ಅದು. ತಂತಿಬೇಲಿಯಾದರೆ ಬೆದರಿದ ಪ್ರಾಣಿ ಆಚೆಯ ಬೆಟ್ಟ ಕಂಡು ಅದಕ್ಕೆ ನುಗ್ಗಿ ಗಾಯ ಮಾಡಿಕೊಳ್ಳುತ್ತದೆ. ಬಟ್ಟೆಯ ಗೋಡೆಯ ಆಚೆ ಏನೂ ಕಾಣದಿದ್ದರೆ ಸುಮ್ಮನಾಗುತ್ತದೆ, ಹೊರಗಿನ ತೋಳಕ್ಕೂ ಒಳಗೇನಿದೆ ಎಂಬುದು ಕಾಣುವುದಿಲ್ಲ. ಬಟ್ಟೆಯ ಹೊರಗೆ ವಿದ್ಯುತ್ ಹರಿಸಿದ ತಂತಿಯ ಇನ್ನೊಂದು ಸುತ್ತು. ದೊಡ್ಡಿಯ ಪಕ್ಕದ ಗುಡಿಸಲಿನಲ್ಲಿ ಸಮುದಾಯದ ಕಾವಲುಗಾರರು ಪಾಳಿಯ ಮೇಲೆ ಹಗಲೂ ರಾತ್ರಿಯೂ ಇರುತ್ತಾರೆ. ಬೇಲಿಯ ಸುತ್ತ ನಡೆದು ಕರಡಿ, ತೋಳ, ವಾಲ್ವರಿನ್‌ಗಳ ಹೆಜ್ಜೆಗುರುತು ನೋಡುವುದು, ಗಾಳಿಗೆ ಸಡಿಲಾದ ಬಟ್ಟೆಯನ್ನು ಬಿಗಿಯುವುದು, ಮೇವು ಹಾಕುವುದು, ಯಾವ ಹೆಣ್ಣು ಈದಿದೆ, ಯಾವ ಮರಿ ಎದ್ದು ನಿಂತಿದೆ, ಯಾವುದು ಹಾಲು ಕುಡಿಯುತ್ತಿಲ್ಲ ಎಂಬುದನ್ನು ದೂರದಿಂದಲೇ ಗಮನಿಸಿ ಬರೆದಿಡುವುದು ಅವರ ದಿನಚರಿ.

ಮೇವಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಾಡಿನಿಂದ ಬಂದ ಕ್ಯಾರಿಬೂ ಮೊದಲ ದಿನಗಳಲ್ಲಿ ಕಲ್ಲುಹೂವನ್ನು ಬಿಟ್ಟು ಬೇರೇನನ್ನೂ ಸರಿಯಾಗಿ ಜೀರ್ಣಿಸಿಕೊಳ್ಳಲಾರದು. ಕಾರ್ಖಾನೆಯಲ್ಲಿ ತಯಾರಾದ ಗುಳಿಗೆ ಮೇವಿಗೆ ಅದರ ಹೊಟ್ಟೆಯನ್ನು ನಿಧಾನವಾಗಿ ಒಗ್ಗಿಸಬೇಕು. ಅದಕ್ಕೆ ಬೇಕಾದ ಕಲ್ಲುಹೂವು ಮಾರುಕಟ್ಟೆಯಲ್ಲಿ ಸಿಗುವ ವಸ್ತುವಲ್ಲ. ಸಮುದಾಯದ ಕುಟುಂಬಗಳು, ಹಿರಿಯರೂ ಮಕ್ಕಳೂ ಸೇರಿ, ಕಾಡಿಗೆ ಹೋಗಿ ಅದನ್ನು ಕೈಯಿಂದ ಬಿಡಿಸಿ, ಕಸ ಆರಿಸಿ, ಚೀಲಗಳಲ್ಲಿ ತುಂಬಿ ತರುತ್ತಾರೆ. ಎಲ್ಲಿ ಒಳ್ಳೆಯ ಕಲ್ಲುಹೂವಿದೆ, ಒಂದು ಜಾಗದಿಂದ ಎಷ್ಟು ತೆಗೆದರೆ ಮತ್ತೆ ಬೆಳೆಯಲು ಉಳಿಯುತ್ತದೆ ಎಂಬ ತಿಳಿವು ಆ ನೆಲದಲ್ಲೇ ಬಾಳಿದವರದ್ದು. ಸಾಂಪ್ರದಾಯಿಕ ಜ್ಞಾನ ಎಂದು ಸರ್ಕಾರಿ ದಾಖಲೆಗಳು ಕರೆಯುವುದು ಇಲ್ಲಿ ಒಂದು ಪ್ರಾಣಿಯ ಹೊಟ್ಟೆಗೆ ನೇರವಾಗಿ ಸೇರುತ್ತದೆ.

ದೊಡ್ಡಿಯೊಂದರಿಂದಲೇ ಹಿಂಡು ಉಳಿಯಿತೆಂದು ತಿಳಿಯಬಾರದು. 2013ರಿಂದ ಸಮುದಾಯದ ಬೇಟೆಗಾರರು ಬೋನು ಮತ್ತು ಉರುಲುಗಳಿಂದ ತೋಳಗಳ ಸಂಖ್ಯೆಯನ್ನು ತಗ್ಗಿಸತೊಡಗಿದ್ದರು. 2015ರಿಂದ ಪ್ರಾಂತೀಯ ಸರ್ಕಾರವೂ ಹೆಲಿಕಾಪ್ಟರ್‌ನಿಂದ ತೋಳಗಳನ್ನು ಕೊಲ್ಲುವ ಕಾರ್ಯಕ್ರಮ ಆರಂಭಿಸಿತು. 2022ರಲ್ಲಿ ಇಕಲಾಜಿಕಲ್ ಅಪ್ಲಿಕೇಶನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೀವವಿಜ್ಞಾನಿ ಕ್ಲೇಟನ್ ಲ್ಯಾಂಬ್ ಅವರ ಜೊತೆಗೆ ವೆಸ್ಟ್ ಮೋಬರ್ಲಿಯ ಮುಖ್ಯಸ್ಥ ರೋಲಂಡ್ ವಿಲ್ಸನ್ ಮತ್ತು ಸಾಲ್ಟೋ ಸಮುದಾಯದ ಪ್ರತಿನಿಧಿಗಳೂ ಲೇಖಕರಾಗಿದ್ದಾರೆ. ಎರಡೂ ಕ್ರಮ ಸೇರಿದ್ದರಿಂದಲೇ ಹಿಂಡು ಇಷ್ಟು ವೇಗವಾಗಿ ಬೆಳೆಯಿತೆಂದು ಅದು ತೋರಿಸುತ್ತದೆ: ದೊಡ್ಡಿ ಮರಿಗಳ ಬದುಕುಳಿಯುವಿಕೆಯನ್ನು ಹೆಚ್ಚಿಸಿತು, ತೋಳಗಳ ನಿಯಂತ್ರಣ ಬೆಳೆದ ಕ್ಯಾರಿಬೂಗಳನ್ನೂ ಉಳಿಸಿತು. ಅದೇ ಪ್ರಾಂತ್ಯದ ರೆವೆಲ್‌ಸ್ಟೋಕ್‌ನಲ್ಲಿಯೂ 2014ರಲ್ಲೇ ಇಂಥ ದೊಡ್ಡಿ ಆರಂಭವಾಗಿ ಐದು ಋತುಗಳ ನಂತರ ನಿಂತಿತು ಎಂಬುದನ್ನು ನೆನೆದರೆ, ಬೇಲಿ ಕಟ್ಟಿದ ಮಾತ್ರಕ್ಕೆ ಎಲ್ಲ ಕಡೆಯೂ ಇದೇ ಫಲ ಬರುವುದಿಲ್ಲ ಎಂಬುದು ತಿಳಿಯುತ್ತದೆ. ತೋಳಗಳನ್ನು ಕೊಲ್ಲುವುದು ಸಂತೋಷದ ಕೆಲಸವಲ್ಲ. ಆದರೆ ಕಾಡು ಕಡಿದು ತೋಳಗಳ ಸಂಖ್ಯೆಯನ್ನು ಹೆಚ್ಚಿಸಿದ ತಪ್ಪು ಮೊದಲೇ ಆಗಿಹೋಗಿರುವಾಗ, ಕಾಡು ಮರಳುವವರೆಗೆ ಕೈಕಟ್ಟಿ ಕೂರುವುದೆಂದರೆ ಹಿಂಡನ್ನು ಕಳೆದುಕೊಳ್ಳಲು ಒಪ್ಪಿದಂತೆಯೇ ಎಂಬ ಸಮುದಾಯಗಳ ವಾದ ನನಗೆ ಸರಿಯೆನಿಸುತ್ತದೆ.

ನಿಧಿಯ ನಿಯಮ, ಪ್ರಾಣಿಯ ಕ್ಯಾಲೆಂಡರ್

ಕೆನಡಾದ ಅಪಾಯದಲ್ಲಿರುವ ಪ್ರಭೇದಗಳ ಕಾಯ್ದೆ 2002ರ ಡಿಸೆಂಬರ್‌ನಲ್ಲಿ ಅಂಗೀಕಾರವಾಗಿ 2004ರ ಜೂನ್‌ನಲ್ಲಿ ಪೂರ್ಣವಾಗಿ ಜಾರಿಗೆ ಬಂತು. ಯಾವ ಪ್ರಭೇದ ಅಪಾಯದಲ್ಲಿದೆ ಎಂದು ನಿರ್ಣಯಿಸುವಾಗಲೂ ಅದನ್ನು ಉಳಿಸುವ ಕ್ರಮಗಳನ್ನು ರೂಪಿಸುವಾಗಲೂ ಮೂಲನಿವಾಸಿಗಳ ಸಾಂಪ್ರದಾಯಿಕ ಜ್ಞಾನವನ್ನು ಪರಿಗಣಿಸಬೇಕೆಂದು ಅದರ ಪೀಠಿಕೆಯೇ ಹೇಳುತ್ತದೆ. ಸಚಿವರಿಗೆ ಸಲಹೆ ಕೊಡಲು ಮೂಲನಿವಾಸಿಗಳ ರಾಷ್ಟ್ರೀಯ ಮಂಡಳಿಯೊಂದಕ್ಕೂ ಕಾಯ್ದೆಯಲ್ಲಿ ಸ್ಥಾನವಿದೆ. ಆದರೆ ಕಾಯ್ದೆಯಲ್ಲಿ ಜಾಗವಿದ್ದ ಮಾತ್ರಕ್ಕೆ ಮುನ್ನೂರು ನಾನೂರು ಜನರ ಒಂದು ಸಮುದಾಯದ ಆಡಳಿತ ಕಚೇರಿಗೆ ಜೀವವಿಜ್ಞಾನಿಯೊಬ್ಬರನ್ನು ನೇಮಿಸಿಕೊಳ್ಳಲು, ನಕ್ಷೆ ತಯಾರಿಸಲು, ಹಿರಿಯರ ತಿಳಿವನ್ನು ದಾಖಲಿಸಲು ಹಣ ಬಂದಂತಾಗುವುದಿಲ್ಲ. ಈ ಕೊರತೆ ತುಂಬಲು 2004ರಲ್ಲಿ ಸ್ಥಾಪನೆಯಾದದ್ದೇ ‘ಅಬಾರಿಜಿನಲ್ ಫಂಡ್ ಫಾರ್ ಸ್ಪೀಶೀಸ್ ಅಟ್ ರಿಸ್ಕ್’, ಅಂದರೆ ಅಪಾಯದಲ್ಲಿರುವ ಪ್ರಭೇದಗಳಿಗಾಗಿ ಮೂಲನಿವಾಸಿ ನಿಧಿ. ನೆಲದ ಪ್ರಾಣಿಗಳ ವಿಷಯವನ್ನು ಪರಿಸರ ಇಲಾಖೆಯೂ ಜಲಚರಗಳ ವಿಷಯವನ್ನು ಮೀನುಗಾರಿಕೆ ಇಲಾಖೆಯೂ ನೋಡಿಕೊಳ್ಳುತ್ತವೆ.

ನಿಧಿಯ ನಿಯಮಗಳಲ್ಲಿ ಮೆಚ್ಚಬೇಕಾದ ಅಂಶವೊಂದಿದೆ. ಇದಕ್ಕಿಂತ ಮೊದಲು, 2000ದಲ್ಲಿ ಆರಂಭವಾದ ಆವಾಸ ಪಾಲನಾ ಕಾರ್ಯಕ್ರಮದಲ್ಲಿ ಸರ್ಕಾರ ಕೊಡುವ ಪ್ರತಿ ಡಾಲರಿಗೂ ಅರ್ಜಿದಾರರು ಬೇರೆ ಮೂಲದಿಂದ ಸರಿಸಮ ಪಾಲು ಹೊಂದಿಸಬೇಕು. ಮೂಲನಿವಾಸಿ ನಿಧಿಯಲ್ಲಿ ಆ ಪಾಲು ಶೇಕಡಾ 20 ಮಾತ್ರ, ಮತ್ತು ಅದನ್ನು ನಗದಾಗಿಯೇ ತರಬೇಕೆಂದಿಲ್ಲ. ದುಡಿಮೆ, ವಾಹನ, ಉಪಕರಣಗಳ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬಹುದು. ಹಣವಿಲ್ಲದ, ಆದರೆ ದುಡಿಯುವ ಕೈಗಳೂ ನೆಲದ ಅರಿವೂ ಇರುವ ಸಮುದಾಯಕ್ಕೆ ಇದರಿಂದ ಬಾಗಿಲು ತೆರೆಯುತ್ತದೆ. ಕ್ಲಿನ್ಸೆ-ಜಾದಲ್ಲಿ ಕುಟುಂಬಗಳು ಕಲ್ಲುಹೂವು ಬಿಡಿಸಿದ ದಿನಗಳಂಥ ದುಡಿಮೆಗೆ ಸರ್ಕಾರದ ಲೆಕ್ಕಪುಸ್ತಕದಲ್ಲಿ ಬೆಲೆ ಸಿಗುವುದು ಸಣ್ಣ ಮಾತಲ್ಲ.

ಆದರೆ ನಿಧಿ ನಡೆಯುವುದು ಸ್ಪರ್ಧೆಯ ಮೇಲೆ. ಕರೆ ಬಂದಾಗ ಅರ್ಜಿ ಹಾಕಬೇಕು, ಆದ್ಯತೆಯ ಪಟ್ಟಿಗೆ ಹೊಂದುವಂತೆ ಯೋಜನೆ ಬರೆಯಬೇಕು, ದೇಶದ ಬೇರೆ ಬೇರೆ ಸಮುದಾಯಗಳ ಅರ್ಜಿಗಳ ನಡುವೆ ಆಯ್ಕೆಯಾಗಬೇಕು, ಆಮೇಲೆ ವೆಚ್ಚದ ವರದಿ ಒಪ್ಪಿಸಬೇಕು. ಆಮೆಯ ಮೊಟ್ಟೆಯಿಡುವ ತಾಣಗಳ ಸಮೀಕ್ಷೆಗೋ, ಹಿರಿಯರ ಸಂದರ್ಶನಗಳ ದಾಖಲೆಗೋ, ಯುವಕರ ತರಬೇತಿಗೋ ಈ ಮಾದರಿ ಚೆನ್ನಾಗಿ ಒಗ್ಗುತ್ತದೆ. ಆರಂಭ, ನಡು, ಮುಕ್ತಾಯ ಎಂಬ ಎಲ್ಲೆಗಳಿರುವ ಕೆಲಸಗಳಿವು. ಕ್ಯಾರಿಬೂ ದೊಡ್ಡಿಗೆ ಅಂಥ ಮುಕ್ತಾಯವಿಲ್ಲ. ಹಿಂಡು ತಾನಾಗಿ ನಿಲ್ಲುವವರೆಗೆ ಅದನ್ನು ಪ್ರತಿ ವರ್ಷವೂ ನಡೆಸಲೇಬೇಕು. ಒಂದು ವರ್ಷ ಬಿಟ್ಟರೆ ಆ ವರ್ಷದ ಮರಿಗಳು ಹೋದಂತೆಯೇ.

ಇಲ್ಲಿ ಒಂದು ತೊಡಕಿದೆ. ಕೆನಡಾ ಸರ್ಕಾರದ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಆರಂಭವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹೆಣ್ಣು ಕ್ಯಾರಿಬೂಗಳನ್ನು ಹಿಡಿಯುವುದು ಮಾರ್ಚ್‌ನಲ್ಲಿ, ಅವು ಈಯುವುದು ಮೇ-ಜೂನ್‌ನಲ್ಲಿ, ಬಿಡುಗಡೆ ಜುಲೈನಲ್ಲಿ. ಅಂದರೆ ಒಂದು ವರ್ಷದ ಹಣದಲ್ಲಿ ಹಿಡಿದ ಪ್ರಾಣಿ ಇನ್ನೊಂದು ವರ್ಷದ ಹಣದಲ್ಲಿ ಈಯಬೇಕು. ಹೊಸ ವರ್ಷದ ಮಂಜೂರಾತಿ ಪತ್ರ ಬರುವುದು ತಡವಾದರೂ ದೊಡ್ಡಿಯೊಳಗಿನ ಗಬ್ಬದ ಪ್ರಾಣಿಗೆ ಮೇವು ಬೇಕು, ಬೇಲಿಯ ಪಕ್ಕದ ಕಾವಲುಗಾರನಿಗೆ ಸಂಬಳ ಬೇಕು. ಸಂರಕ್ಷಣೆಗೆ ವಾರ್ಷಿಕ ಅನುದಾನವೇ ಸಾಕೆನ್ನುವವರು ಈ ಎರಡು ಕ್ಯಾಲೆಂಡರ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಬಹುವಾರ್ಷಿಕ ಒಪ್ಪಂದ ಇಲ್ಲದಿದ್ದರೆ ಅನಿಶ್ಚಿತತೆಯ ಭಾರವೆಲ್ಲ ಸಮುದಾಯದ ಹೆಗಲ ಮೇಲೆ ಬೀಳುತ್ತದೆ, ಏಕೆಂದರೆ ಪ್ರಾಣಿಯನ್ನು ಒಮ್ಮೆ ಹಿಡಿದ ಮೇಲೆ ಕೈಬಿಡುವಂತಿಲ್ಲ.

ಕ್ಲಿನ್ಸೆ-ಜಾ ದೊಡ್ಡಿ ಒಂದೇ ಮೂಲದ ಹಣದಿಂದ ನಡೆದದ್ದಲ್ಲ. ಕೇಂದ್ರ ಮತ್ತು ಪ್ರಾಂತೀಯ ಸರ್ಕಾರಗಳು, ಆ ಪ್ರದೇಶದ ಕಂಪನಿಗಳು, ಮತ್ತು ಜಲವಿದ್ಯುತ್ ಅಣೆಕಟ್ಟುಗಳಿಂದ ವನ್ಯಜೀವಿಗಳಿಗಾದ ನಷ್ಟವನ್ನು ತುಂಬಿಕೊಡಲೆಂದು ಇರುವ ಮೀನು ಮತ್ತು ವನ್ಯಜೀವಿ ಪರಿಹಾರ ಕಾರ್ಯಕ್ರಮ, ಎಲ್ಲದರ ಪಾಲೂ ಸೇರಿದೆ. ಈ ಕೊನೆಯ ಮೂಲದಲ್ಲಿ ಒಂದು ನ್ಯಾಯವಿದೆ. ಪೀಸ್ ನದಿಯ ಅಣೆಕಟ್ಟು ಹಿಂಡುಗಳನ್ನು ತುಂಡರಿಸಿತು, ಅದರ ವಿದ್ಯುತ್ತಿನಿಂದ ಬಂದ ಹಣದ ಒಂದು ಭಾಗ ಈಗ ಅದೇ ಹಿಂಡನ್ನು ಉಳಿಸಲು ಮರಳುತ್ತಿದೆ. ಆದರೆ ಹತ್ತು ಕಡೆಯಿಂದ ಹಣ ತರುವುದೆಂದರೆ ಹತ್ತು ಅರ್ಜಿ, ಹತ್ತು ವರದಿ, ಹತ್ತು ಬಗೆಯ ಗಡುವು. ದೊಡ್ಡ ಸರ್ಕಾರೇತರ ಸಂಸ್ಥೆಗಳಲ್ಲಿ ಇದಕ್ಕೆಂದೇ ಸಿಬ್ಬಂದಿ ಇರುತ್ತಾರೆ. ಸಣ್ಣ ಸಮುದಾಯದಲ್ಲಿ ಬೇಲಿ ನೋಡಿಕೊಳ್ಳುವವರ ಪಕ್ಕದ ಮೇಜಿನವರೇ ವರದಿಯನ್ನೂ ಬರೆಯಬೇಕಾಗುತ್ತದೆ. ಸಾಮರ್ಥ್ಯ ಬೆಳೆಸುವುದು ಎಂದು ನಿಧಿಯ ಉದ್ದೇಶದಲ್ಲಿ ಬರೆದಿರುವುದು ನಿಜವಾಗಬೇಕಾದರೆ ಈ ಕಚೇರಿ ಕೆಲಸದ ವೆಚ್ಚವನ್ನೂ ಸಂರಕ್ಷಣೆಯ ವೆಚ್ಚವೆಂದೇ ಎಣಿಸಬೇಕು.

ಕಾವಲುಗಾರರ ವಿಷಯದಲ್ಲಿ ಸರ್ಕಾರದ ನಿಲುವು ನಿಧಾನವಾಗಿಯಾದರೂ ಬದಲಾಗಿದೆ. 2017ರ ಕೇಂದ್ರ ಬಜೆಟ್‌ನಲ್ಲಿ ಮೂಲನಿವಾಸಿ ಕಾವಲುಗಾರರ ಪ್ರಾಯೋಗಿಕ ಕಾರ್ಯಕ್ರಮಕ್ಕೆ 2.5 ಕೋಟಿ ಡಾಲರ್ ಇಡಲಾಯಿತು. 2022ರ ಡಿಸೆಂಬರ್‌ನಲ್ಲಿ, ಮಾಂಟ್ರಿಯಲ್‌ನಲ್ಲಿ ಜೀವವೈವಿಧ್ಯ ಶೃಂಗಸಭೆ ನಡೆಯುತ್ತಿದ್ದ ಸಂದರ್ಭದಲ್ಲಿ, ಫಸ್ಟ್ ನೇಷನ್‌ಗಳ ರಾಷ್ಟ್ರೀಯ ಕಾವಲುಗಾರರ ಜಾಲ ಆರಂಭವಾಯಿತು. ಹಣ ಹಂಚುವ ಹೊಣೆಯನ್ನು ಸಮುದಾಯಗಳ ಸಂಸ್ಥೆಗೇ ವಹಿಸುವ ದಾರಿ ಅದರಿಂದ ತೆರೆಯಿತು. ಒಂದು ಪ್ರಭೇದ, ಒಂದು ಯೋಜನೆ, ಒಂದು ವರ್ಷ ಎಂಬ ಎಲ್ಲೆಯಿಂದ ಹೊರಬಂದು, ಆ ನೆಲವನ್ನು ವರ್ಷವಿಡೀ ನೋಡಿಕೊಳ್ಳುವ ಮನುಷ್ಯನ ಕಾಯಂ ಸಂಬಳಕ್ಕೆ ಹಣ ಕೊಡುವ ಆಲೋಚನೆ ಇದು.

ನೆಲದ ಪ್ರಶ್ನೆ

ದೊಡ್ಡಿಗೆ ಹಣ ಬಂತು, ಮರಿಗಳು ಉಳಿದವು. ಆದರೆ ಅವುಗಳನ್ನು ಬಿಡುವುದು ಎಲ್ಲಿಗೆ? ಜುಲೈನಲ್ಲಿ ಬೇಲಿ ತೆಗೆದಾಗ ಮರಿಗಳು ಹೋಗುವುದು ಕಡಿದ ಕಾಡಿಗೆ, ತೋಳಗಳ ಓಣಿಗೆ. ದೊಡ್ಡಿ ಕಾಲಾವಕಾಶವನ್ನಷ್ಟೇ ಗಳಿಸಿಕೊಡುತ್ತದೆ ಎಂದು ಸಮುದಾಯಗಳು ಆರಂಭದಿಂದಲೂ ಹೇಳುತ್ತ ಬಂದವು. ಕ್ಲಿನ್ಸೆ-ಜಾ ಹಿಂಡು ಸೇರಿರುವ ‘ದಕ್ಷಿಣ ಪರ್ವತ’ ಗುಂಪಿನ ಕ್ಯಾರಿಬೂಗಳನ್ನು ಕಾಯ್ದೆಯ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಅವುಗಳ ಪುನಶ್ಚೇತನ ಕಾರ್ಯತಂತ್ರ ಪ್ರಕಟವಾದದ್ದು 2014ರಲ್ಲಿ, ಕಾಯ್ದೆಯ ಗಡುವು ಮೀರಿ ಎಷ್ಟೋ ವರ್ಷಗಳಾದ ಮೇಲೆ. 2018ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವೆ ಕ್ಯಾಥರೀನ್ ಮೆಕೆನ್ನಾ ದಕ್ಷಿಣ ಪರ್ವತದ ಕ್ಯಾರಿಬೂಗಳ ಪುನಶ್ಚೇತನಕ್ಕೆ ಸನ್ನಿಹಿತ ಅಪಾಯವಿದೆ ಎಂದು ನಿರ್ಣಯಿಸಿದರು. ಪ್ರಾಂತ್ಯ ತಾನಾಗಿ ಕ್ರಮ ಕೈಗೊಳ್ಳದಿದ್ದರೆ ಕೇಂದ್ರವೇ ತುರ್ತು ಆದೇಶ ಹೊರಡಿಸಬಹುದು ಎಂಬ ಸಾಧ್ಯತೆ ಇದರಿಂದ ಎದುರಾಯಿತು, ಎರಡು ಸರ್ಕಾರಗಳು ಮತ್ತು ಎರಡು ಸಮುದಾಯಗಳ ನಡುವಿನ ಮಾತುಕತೆಗೆ ವೇಗ ಬಂತು.

2019ರಲ್ಲಿ ಕರಡು ಒಪ್ಪಂದ ಹೊರಬಂದಾಗ ಸುತ್ತಲಿನ ಪಟ್ಟಣಗಳಲ್ಲಿ ಆತಂಕ ಎದ್ದಿತು. ಮರದ ಕಾರ್ಖಾನೆಗಳ ಕೆಲಸ ಹೋಗುತ್ತದೆ, ಕಾಡಿನ ದಾರಿಗಳು ಮುಚ್ಚುತ್ತವೆ ಎಂಬ ಭಯ ಹಬ್ಬಿತು. ಸ್ಥಳೀಯ ಆಡಳಿತಗಳು ತಮ್ಮನ್ನು ಕೇಳದೆ ಒಪ್ಪಂದ ಮಾಡಲಾಗಿದೆ ಎಂದು ದೂರಿದವು, ಮತ್ತು ಆ ದೂರಿನಲ್ಲಿ ಸತ್ಯಾಂಶವಿತ್ತು. ಮಾತುಕತೆಯ ಬಹುಭಾಗ ಮುಚ್ಚಿದ ಬಾಗಿಲ ಹಿಂದೆಯೇ ನಡೆದಿತ್ತು. ಆದರೆ ಆ ಭಯವನ್ನು ಮೂಲನಿವಾಸಿಗಳ ವಿರುದ್ಧ ಹಗೆಯಾಗಿ ತಿರುಗಿಸಿದವರೂ ಇದ್ದರು. ಹಿಂಡನ್ನು ಉಳಿಸಲು ದುಡಿಯುತ್ತಿದ್ದ ಜನರು ತಮ್ಮ ಅಂಗಡಿ, ಶಾಲೆ, ಆಸ್ಪತ್ರೆಗಳಿರುವ ಪಟ್ಟಣಗಳಲ್ಲೇ ಜನಾಂಗೀಯ ನಿಂದನೆಯನ್ನು ಕೇಳಬೇಕಾಯಿತು. ಸಂರಕ್ಷಣೆಯ ವೆಚ್ಚದ ಯಾವ ಪಟ್ಟಿಯಲ್ಲೂ ಇದು ಕಾಣುವುದಿಲ್ಲ. ಕೆಲಸ ಕಳೆದುಕೊಳ್ಳುವವರಿಗೆ ಪರಿಹಾರದ ದಾರಿಯನ್ನು ಮೊದಲೇ ತೋರಿಸಿದ್ದರೆ ಈ ಹಗೆಯ ಒಂದು ಪಾಲಾದರೂ ತಪ್ಪುತ್ತಿತ್ತೆಂದು ನನಗನಿಸುತ್ತದೆ. ಆ ಕೆಲಸ ಸರ್ಕಾರಗಳದ್ದಾಗಿತ್ತು, ಸಮುದಾಯಗಳದ್ದಲ್ಲ.

2020ರ ಫೆಬ್ರುವರಿ 21ರಂದು ಕೆನಡಾ, ಬ್ರಿಟಿಷ್ ಕೊಲಂಬಿಯಾ, ವೆಸ್ಟ್ ಮೋಬರ್ಲಿ, ಸಾಲ್ಟೋ ಈ ನಾಲ್ಕು ಪಕ್ಷಗಳು 30 ವರ್ಷಗಳ ಅವಧಿಯ ಸಹಭಾಗಿತ್ವ ಒಪ್ಪಂದಕ್ಕೆ ಸಹಿ ಹಾಕಿದವು. 7,500 ಚದರ ಕಿಲೋಮೀಟರ್‌ಗೂ ಹೆಚ್ಚು ಕ್ಯಾರಿಬೂ ನೆಲ ವಿವಿಧ ಹಂತದ ರಕ್ಷಣೆಗೆ ಒಳಪಟ್ಟಿತು. ಕೆಲವು ವಲಯಗಳಲ್ಲಿ ಹೊಸ ಕೈಗಾರಿಕೆಗೆ ಪೂರ್ಣ ತಡೆ ಬಂತು, ಇನ್ನು ಕೆಲವು ಕಡೆ ಅರ್ಜಿಗಳನ್ನು ಸಮುದಾಯಗಳೂ ಸರ್ಕಾರಗಳೂ ಕೂಡಿ ಪರಿಶೀಲಿಸುವ ವ್ಯವಸ್ಥೆ ಆಯಿತು. ದೊಡ್ಡಿ, ಕಾವಲುಗಾರರು, ನೆಲದ ಪುನಶ್ಚೇತನ ಇವುಗಳಿಗೆ ಬೆಂಬಲ ಒಪ್ಪಂದದ ಭಾಗವೇ ಆಯಿತು. ಇದರ ಮುಂದುವರಿಕೆಯಾಗಿ 2024ರಲ್ಲಿ, ಮೂರು ಸಾವಿರ ಹೆಕ್ಟೇರ್ ಕೂಡ ಇಲ್ಲದಿದ್ದ ಕ್ಲಿನ್ಸೆ-ಜಾ ಉದ್ಯಾನವನ್ನು ಸುಮಾರು 2 ಲಕ್ಷ ಹೆಕ್ಟೇರ್‌ಗೆ ವಿಸ್ತರಿಸಲಾಯಿತು. ನಿಧಿಯೊಂದು ಒಬ್ಬ ಅರ್ಜಿದಾರನಿಗೆ ಕೊಡುವ ಹಣಕ್ಕೂ, ಒಂದು ಸರ್ಕಾರ ಇನ್ನೊಂದು ಸರ್ಕಾರದ ಜೊತೆ ಕುಳಿತು ಹೊಣೆ ಹಂಚಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಮೊದಲನೆಯದರಲ್ಲಿ ಸಮುದಾಯ ಸರ್ಕಾರದ ಆದ್ಯತೆಗೆ ತನ್ನ ಕೆಲಸವನ್ನು ಹೊಂದಿಸುತ್ತದೆ. ಎರಡನೆಯದರಲ್ಲಿ ಆದ್ಯತೆ ಯಾವುದೆಂದು ಹೇಳುವ ಮಾತು ಅದಕ್ಕೂ ಇರುತ್ತದೆ.

ಹೀಗೆಂದು ಸಣ್ಣ ನಿಧಿಗಳನ್ನು ಕಡೆಗಣಿಸುವಂತಿಲ್ಲ. 2020ರ ಮೇಜಿನ ಮುಂದೆ ಎರಡು ಸಮುದಾಯಗಳು ಅಷ್ಟು ಗಟ್ಟಿಯಾಗಿ ಕುಳಿತದ್ದಕ್ಕೆ ಕಾರಣ ಅವರ ಕೈಯಲ್ಲಿ ಆರು ವರ್ಷಗಳ ದೊಡ್ಡಿಯ ಅನುಭವ, ತಮ್ಮದೇ ಅಂಕಿಅಂಶ, ತಮ್ಮದೇ ತರಬೇತಾದ ಜನ ಇದ್ದದ್ದು. ಆ ಸಾಮರ್ಥ್ಯ ಒಂದು ದಿನದಲ್ಲಿ ಹುಟ್ಟುವುದಿಲ್ಲ. ಸಮೀಕ್ಷೆ, ನಕ್ಷೆ, ತರಬೇತಿಗಳಿಗೆ ವರ್ಷಗಟ್ಟಲೆ ಹರಿದ ಸಣ್ಣ ಸಣ್ಣ ಮೊತ್ತಗಳಿಂದಲೇ ಅದು ಕೂಡಿಬರುತ್ತದೆ. ಹಾಗೆಯೇ ನ್ಯಾಯಾಲಯದ ತೀರ್ಪುಗಳಿಲ್ಲದೆ, ತುರ್ತು ಆದೇಶದ ಸಾಧ್ಯತೆಯಿಲ್ಲದೆ, ಬರಿಯ ಸಾಮರ್ಥ್ಯದಿಂದ ನೆಲ ಸಿಗುತ್ತಿತ್ತೆಂದು ನಾನು ನಂಬುವುದಿಲ್ಲ. ಈ ಪ್ರಕರಣವನ್ನು ಬೇರೆ ಕಡೆ ಮಾದರಿಯಾಗಿ ತೋರಿಸುವವರು ಹಣದ ಭಾಗವನ್ನು ಮಾತ್ರ ಎತ್ತಿಕೊಂಡು, ಒಡಂಬಡಿಕೆಯ ಹಕ್ಕು, ದಾವೆ, ಕಾಯ್ದೆ ಈ ಮೂರನ್ನೂ ಬಿಟ್ಟರೆ ಉಳಿಯುವುದು ಬೇಲಿ ಮಾತ್ರ.

ಎಷ್ಟಾದರೆ ಸಾಕು

ಪುನಶ್ಚೇತನದ ಗುರಿ ಯಾವುದು ಎಂಬಲ್ಲಿ ಕಾಯ್ದೆಗೂ ಸಮುದಾಯಕ್ಕೂ ಇನ್ನೂ ಅಂತರವಿದೆ. ಅಪಾಯದಲ್ಲಿರುವ ಪ್ರಭೇದಗಳ ಕಾಯ್ದೆ ಮುಖ್ಯವಾಗಿ ಅಳಿವನ್ನು ತಪ್ಪಿಸಲು ರೂಪುಗೊಂಡದ್ದು. ಹಿಂಡು ತಾನಾಗಿ ಉಳಿಯುವಷ್ಟಾದರೆ ಅದರ ಕೆಲಸ ಬಹುತೇಕ ಮುಗಿಯಿತು. ಒಡಂಬಡಿಕೆ ಮಾತುಕೊಟ್ಟದ್ದು ಬೇಟೆಯಾಡಿ ಬದುಕುವ ಹಕ್ಕನ್ನು. ಆ ಹಕ್ಕಿಗೆ ಅರ್ಥ ಬರಬೇಕಾದರೆ ಹಿಂಡು ಉಳಿದರೆ ಸಾಲದು, ಒಂದಿಷ್ಟನ್ನು ಬೇಟೆಯಾಡಿದರೂ ಕುಗ್ಗದಷ್ಟು ಸಮೃದ್ಧವಾಗಬೇಕು. 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಲ್ಯಾಂಬ್ ಮತ್ತು ಸಂಗಡಿಗರು ಇದೇ ವಾದವನ್ನು ಮುಂದಿಟ್ಟರು. 2020ರ ಒಪ್ಪಂದದ ಉದ್ದೇಶದಲ್ಲಿಯೂ ಮೂಲನಿವಾಸಿಗಳ ಸಾಂಪ್ರದಾಯಿಕ ಬೇಟೆಗೆ ಆಧಾರವಾಗಬಲ್ಲ ಸಂಖ್ಯೆಯವರೆಗೆ ಹಿಂಡುಗಳನ್ನು ಬೆಳೆಸಬೇಕೆಂಬ ಮಾತು ಸೇರಿದೆ. ನೂರ ಹದಿನಾಲ್ಕು ಎಂಬುದು ಸಂತೋಷದ ಸಂಖ್ಯೆಯೇ ಆದರೂ ಆ ಗುರಿಯಿಂದ ಅದು ಬಹಳ ದೂರ.

ದೂರದ ಆ ಗುರಿಗೆ ದಾರಿ ನೆಲದ ದುರಸ್ತಿಯಲ್ಲಿದೆ. ಹಳೆಯ ಗಣಿರಸ್ತೆಗಳನ್ನು ಅಗೆದು ದಿಬ್ಬ-ತಗ್ಗು ಮಾಡಿ ತೋಳಗಳ ಓಟಕ್ಕೆ ಅಡ್ಡಿಯೊಡ್ಡುವುದು, ಬಿದ್ದ ಮರಗಳನ್ನು ಓಣಿಗಳಿಗೆ ಅಡ್ಡ ಹಾಕುವುದು, ಸ್ಥಳೀಯ ಗಿಡಗಳನ್ನು ನೆಡುವುದು ಈಗ ನಡೆಯುತ್ತಿರುವ ಕೆಲಸಗಳು. ನೆಡಬೇಕಾದ ಸಸಿಗಳನ್ನು ಎರಡೂ ಸಮುದಾಯಗಳ ಒಡೆತನದ ಟ್ವಿನ್ ಸಿಸ್ಟರ್ಸ್ ಎಂಬ ಸಸ್ಯಕ್ಷೇತ್ರವೇ ಮೋಬರ್ಲಿ ಸರೋವರದ ಬಳಿ ಬೆಳೆಸುತ್ತದೆ. ಇಲ್ಲಿ ನೆಟ್ಟ ಸಸಿ ಕಲ್ಲುಹೂವು ಹಿಡಿಯುವ ಮರವಾಗಲು ಹಲವು ದಶಕ ಬೇಕು. ಅಷ್ಟು ಕಾಲ ದೊಡ್ಡಿಯೂ ತೋಳಗಳ ನಿಯಂತ್ರಣವೂ ಕಾವಲೂ ಯಾವುದಾದರೊಂದು ರೂಪದಲ್ಲಿ ನಡೆಯುತ್ತಲೇ ಇರಬೇಕು. ಸಹಿಯಾದ ಒಪ್ಪಂದದ ಅವಧಿ 2050ಕ್ಕೆ ಮುಗಿಯುತ್ತದೆ, ಈಗ ನೆಡುತ್ತಿರುವ ಕಾಡು ಆಗಲೂ ಎಳೆಯದಾಗಿಯೇ ಇರುತ್ತದೆ. ಅಲ್ಲಿಂದ ಮುಂದಿನ ವರ್ಷಗಳ ವೆಚ್ಚ ಯಾವ ಬಜೆಟ್‌ನಿಂದ ಬರಬೇಕೆಂಬುದನ್ನು ಎರಡೂ ಸರ್ಕಾರಗಳು ಈಗಿನಿಂದಲೇ ಬರವಣಿಗೆಯಲ್ಲಿ ಒಪ್ಪಿಕೊಳ್ಳಬೇಕಾಗಿದೆ.